ಮನೆಯಲ್ಲಿ ಅಕ್ಕಿ ಇದೆ, ಆದರೂ ಹಸಿವು: ಅಡಗಿದ ಹಸಿವು ಮತ್ತು ಬಡಾವಣೆಯ ಆಹಾರ ಬ್ಯಾಂಕ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಬೆಂಗಳೂರಿನಂಥ ಊರಿನ ಬಡಾವಣೆಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಈ ಉತ್ತರಗಳನ್ನು ಬರೆದಿದ್ದೇವೆ. ನೆರವು ಬೇಕಾದವರು, ಕೊಡಬೇಕೆಂದಿರುವವರು, ತಮ್ಮ ಬೀದಿಯಲ್ಲೇ ಒಂದು ಆಹಾರ ಬ್ಯಾಂಕ್ (ದಿನಸಿ ಸಂಗ್ರಹಿಸಿ ಬೇಕಾದ ಮನೆಗಳಿಗೆ ಕೊಡುವ ಕೇಂದ್ರ) ಶುರುಮಾಡಬೇಕೆಂದಿರುವವರು, ಮೂವರಿಗೂ ಇಲ್ಲಿ ಕೆಲಸಕ್ಕೆ ಬರುವ ವಿಷಯ ಇದೆ.

ಅಡಗಿದ ಹಸಿವು ಅಂದರೆ ಏನು?

ಹೊಟ್ಟೆ ತುಂಬಿರುತ್ತದೆ, ಮೈಗೆ ಬೇಕಾದದ್ದು ಮಾತ್ರ ಸಿಕ್ಕಿರುವುದಿಲ್ಲ. ಕಬ್ಬಿಣ, ಅಯೋಡಿನ್, ಸತು, ಎ ಜೀವಸತ್ವ, ಫೋಲಿಕ್ ಆಮ್ಲ, ಬಿ12 ಇವೆಲ್ಲ ದಿನಕ್ಕೆ ಬೇಕಾಗುವುದು ಮಿಲಿಗ್ರಾಂ, ಮೈಕ್ರೊಗ್ರಾಂ ಲೆಕ್ಕದಲ್ಲಿ. ಆದರೆ ಅಷ್ಟೂ ಸಿಗದಿದ್ದರೆ ರಕ್ತ ಕಡಿಮೆಯಾಗುತ್ತದೆ, ಮಕ್ಕಳ ಬೆಳವಣಿಗೆ ಕುಂಠಿತವಾಗುತ್ತದೆ, ಸಣ್ಣ ಜ್ವರವೂ ವಾರಗಟ್ಟಲೆ ಬಿಡುವುದಿಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ಶೇ. 47.8 ಮಂದಿಗೆ, ಆರು ತಿಂಗಳಿಂದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 65.5ರಷ್ಟು ಮಕ್ಕಳಿಗೆ ರಕ್ತಹೀನತೆ ಇತ್ತು. ಮೂರರಲ್ಲಿ ಒಂದಕ್ಕಿಂತ ಹೆಚ್ಚು ಮಕ್ಕಳು ವಯಸ್ಸಿಗೆ ತಕ್ಕ ಎತ್ತರ ಇರಲಿಲ್ಲ. ಇವರೆಲ್ಲ ಊಟವೇ ಕಾಣದ ಮನೆಗಳವರಲ್ಲ. ಬಹುಪಾಲು ಮನೆಗಳಲ್ಲಿ ದಿನಾ ಒಲೆ ಉರಿಯುತ್ತದೆ.

ಇನ್ನೊಂದು ಬಗೆಯ ಅಡಗುವಿಕೆಯೂ ಇದೆ: ಮಾನಕ್ಕೆ ಅಂಜಿ ಹೇಳಿಕೊಳ್ಳದ ಹಸಿವು. ಆಹಾರ ಬ್ಯಾಂಕ್ ನಡೆಸುವವರಿಗೆ ಎರಡೂ ಎದುರಾಗುತ್ತವೆ, ಹೆಚ್ಚಾಗಿ ಒಂದೇ ಮನೆಯಲ್ಲಿ.

ರೇಷನ್ ಅಕ್ಕಿ ಪುಕ್ಕಟೆ ಸಿಗುತ್ತಲ್ಲ, ಮತ್ತೆ ಹಸಿವು ಎಲ್ಲಿಂದ ಬಂತು?

2013ರ ಆಹಾರ ಭದ್ರತಾ ಕಾಯ್ದೆಯಂತೆ ಆದ್ಯತಾ (ಬಿಪಿಎಲ್) ಕುಟುಂಬದ ಪ್ರತಿಯೊಬ್ಬರಿಗೂ ತಿಂಗಳಿಗೆ 5 ಕೆಜಿ, ಅಂತ್ಯೋದಯ ಕಾರ್ಡಿನ ಮನೆಗೆ 35 ಕೆಜಿ ಧಾನ್ಯ ಸಿಗಬೇಕು. 2023ರ ಜನವರಿಯಿಂದ ಅದು ಉಚಿತ. ಇದರ ಮೇಲೆ ರಾಜ್ಯದ ಅನ್ನಭಾಗ್ಯದ ಹೆಚ್ಚುವರಿ ಪಾಲು. 2023ರ ಜುಲೈನಿಂದ ಅದು ಕೆಜಿಗೆ 34 ರೂಪಾಯಿಯಂತೆ ಹಣವಾಗಿ ಬಂತು, 2025ರ ಫೆಬ್ರುವರಿಯಿಂದ ಮತ್ತೆ ಧಾನ್ಯವಾಯಿತು. ಈ ವ್ಯವಸ್ಥೆ ಕರ್ನಾಟಕದಲ್ಲಿ ಲಕ್ಷಾಂತರ ಮನೆಗಳನ್ನು ಬರಿ ಹೊಟ್ಟೆಯಿಂದ ಕಾಪಾಡಿದೆ. ಅದನ್ನು ಹಗುರವಾಗಿ ಮಾತಾಡುವವರ ಜೊತೆ ನಾವಿಲ್ಲ.

ಆದರೆ ಲೆಕ್ಕ ಹಾಕಿ ನೋಡಿ. ಒಬ್ಬ ಹೆಂಗಸು ದಿನಕ್ಕೆ 300 ಗ್ರಾಂ ಅಕ್ಕಿಯ ಅನ್ನ ಉಂಡರೆ ಸಿಗುವ ಪ್ರೋಟೀನ್ ಸುಮಾರು 24 ಗ್ರಾಂ, ಕಬ್ಬಿಣ (ಸಾರವರ್ಧನೆ ಮಾಡದ, ಅಂದರೆ ಕಬ್ಬಿಣ ಬೆರೆಸದ ಅಕ್ಕಿಯಾದರೆ) ಹೆಚ್ಚುಕಡಿಮೆ 2 ಮಿಲಿಗ್ರಾಂ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2020ರಲ್ಲಿ ಶಿಫಾರಸು ಮಾಡಿದ್ದು ವಯಸ್ಕ ಹೆಂಗಸಿಗೆ ದಿನಕ್ಕೆ ಸುಮಾರು 46 ಗ್ರಾಂ ಪ್ರೋಟೀನ್, 29 ಮಿಲಿಗ್ರಾಂ ಕಬ್ಬಿಣ. ಉಳಿದದ್ದು ಬೇಳೆ, ಕಾಳು, ಸೊಪ್ಪು, ಮೊಟ್ಟೆ, ಹಾಲಿನಿಂದ ಬರಬೇಕು. ಮನೆ ಬಾಡಿಗೆ, ಸ್ಕೂಲ್ ಫೀಸು, ಆಸ್ಪತ್ರೆ ಖರ್ಚು ಬಂದಾಗ ಮೊದಲು ಕತ್ತರಿ ಬೀಳುವುದು ಇವಕ್ಕೇ.

ಅಡುಗೆಮನೆಯಲ್ಲಿ ಅದು ಕಾಣುವುದು ಹೀಗೆ: ತಿಂಗಳ ಮೊದಲ ವಾರ ಹುಳಿಯಲ್ಲಿ ತರಕಾರಿ, ಬೇಳೆ ಎರಡೂ ಇರುತ್ತವೆ. ಎರಡನೇ ವಾರ ತರಕಾರಿ ಹೋಗಿ ಬೇಳೆ ಸಾರು. ಮೂರನೇ ವಾರ ಅದೇ ಹಿಡಿ ಬೇಳೆಗೆ ಇನ್ನೊಂದು ಚೊಂಬು ನೀರು. ಕೊನೆಯ ವಾರ ಹುಣಸೆಹಣ್ಣಿನ ತಿಳಿಸಾರು, ಇಲ್ಲವೇ ಅನ್ನಕ್ಕೆ ಮೆಣಸಿನಕಾಯಿ ಚಟ್ನಿ. ಗಂಡ, ಮಕ್ಕಳು ಉಂಡ ಮೇಲೆ ಕೂರುವ ಹೆಂಗಸಿನ ತಟ್ಟೆಗೆ ಬರುವುದು ಅನ್ನ ಮತ್ತು ಪಾತ್ರೆಯ ಮೇಲಿನ ತಿಳಿ.

ನಮ್ಮ ಬೀದಿಯಲ್ಲಿ ಯಾರಿಗೆ ಇಂಥ ತೊಂದರೆ ಇದೆ ಅಂತ ಹೇಗೆ ತಿಳಿಯುವುದು?

"ಊಟ ಆಯ್ತಾ?" ಎಂದು ಕೇಳಿದರೆ ಎಲ್ಲರೂ "ಆಯ್ತು" ಎಂದೇ ಅನ್ನುತ್ತಾರೆ. ಆ ಪ್ರಶ್ನೆಯಿಂದ ಏನೂ ತಿಳಿಯುವುದಿಲ್ಲ. ಉಪಯೋಗಕ್ಕೆ ಬರುವುದು ಸಾಮಾನಿನ ಬಗ್ಗೆ ಕೇಳುವ ಪ್ರಶ್ನೆ: "ಅಕ್ಕಾ, ಹೋದ ತಿಂಗಳು ತಂದ ಬೇಳೆ ಎಷ್ಟು ದಿನಕ್ಕೆ ಬಂತು?", "ಮೊಟ್ಟೆ ಕೊನೇ ಸಲ ತಂದಿದ್ದು ಯಾವಾಗ?", "ಅಂಗಡೀಲಿ ಸಾಲದ ಲೆಕ್ಕ ಇದೆಯಾ?" ಬೇಳೆ ಇಪ್ಪತ್ತನೇ ತಾರೀಕಿಗೆ ಮುಂಚೆಯೇ ಮುಗಿಯುತ್ತಿದ್ದರೆ ಆ ಮನೆಗೆ ನೆರವು ಬೇಕು.

ಮನೆಗೆಲಸದವರು, ಗಾರ್ಮೆಂಟ್ ಕಾರ್ಮಿಕರು, ರಾಯಚೂರು, ಯಾದಗಿರಿ, ಕಲಬುರಗಿ ಕಡೆಯಿಂದ ಬಂದು ಶೆಡ್ಡಿನಲ್ಲಿರುವ ಕಟ್ಟಡ ಕೆಲಸದವರು ಸುಲಭವಾಗಿ ಕಣ್ಣಿಗೆ ಬೀಳುತ್ತಾರೆ. ಕಣ್ಣಿಗೆ ಬೀಳದವರನ್ನು ಹುಡುಕಬೇಕು: ಸ್ವಂತ ಮನೆಯಿದ್ದೂ ಪಿಂಚಣಿಯೊಂದನ್ನೇ ನೆಚ್ಚಿರುವ ಒಂಟಿ ಅಜ್ಜಿ, ಕೆಲಸ ಹೋದ ಮೇಲೂ ದಿನಾ ಇಸ್ತ್ರಿ ಬಟ್ಟೆ ಹಾಕಿಕೊಂಡು ಹೊರಡುವ ಗುಮಾಸ್ತ, ಡಯಾಲಿಸಿಸ್ ಮಾಡಿಸಿಕೊಳ್ಳುವವರಿರುವ ಮನೆ. ಇವರು ಎಪಿಎಲ್ ಕಾರ್ಡಿನವರು, ಎಷ್ಟೋ ಸಲ ಕಾರ್ಡೇ ಇರುವುದಿಲ್ಲ. ಇಂಥವರ ಸುಳಿವು ಸಿಗುವುದು ಆಶಾ ಕಾರ್ಯಕರ್ತೆ, ಅಂಗನವಾಡಿ ಟೀಚರ್, ಮೂಲೆ ಅಂಗಡಿಯವರು ಮತ್ತು ಔಷಧಿ ಅಂಗಡಿಯವರಿಂದ. ಅರ್ಧ ಸ್ಟ್ರಿಪ್ ಮಾತ್ರೆ ಕೊಳ್ಳತೊಡಗಿದವರು ಯಾರು ಎಂದು ಔಷಧಿ ಅಂಗಡಿಯವರಿಗೆ ಗೊತ್ತಿರುತ್ತದೆ. ಹೆಸರು ಕೇಳಬೇಡಿ. ಒಂದು ಫೋನ್ ನಂಬರಿನ ಚೀಟಿ ಕೊಟ್ಟು, ಬೇಕಾದವರಿಗೆ ತಲುಪಿಸಿ ಎಂದರೆ ಸಾಕು.

ಮೈಯಲ್ಲಿ ಏನಾದರೂ ಗುರುತು ಕಾಣುತ್ತದೆಯೇ?

ಕೆಲವು ಕಾಣುತ್ತವೆ. ಕೆಳರೆಪ್ಪೆ ಎಳೆದು ನೋಡಿದರೆ ಒಳಗೆ ಕೆಂಪಿಲ್ಲದೆ ಬಿಳಿಚಿಕೊಂಡಿರುವುದು, ಎರಡು ಮೆಟ್ಟಿಲು ಹತ್ತಿದರೆ ಏದುಸಿರು, ಹಸಿ ಅಕ್ಕಿ, ಮಣ್ಣು, ಸುಣ್ಣ ತಿನ್ನಬೇಕೆನಿಸುವುದು: ಇವು ರಕ್ತ ಕಡಿಮೆಯಾಗಿರುವ ಸೂಚನೆ. ತುಟಿಯ ಮೂಲೆ ಒಡೆದು ಹುಣ್ಣಾಗುವುದು ಬಿ ಗುಂಪಿನ ಜೀವಸತ್ವಗಳ ಕೊರತೆಯಿಂದ ಇರಬಹುದು. ಸಂಜೆಗತ್ತಲಲ್ಲಿ ಮಗು ಎಡವುತ್ತಿದ್ದರೆ ಎ ಜೀವಸತ್ವದ ಬಗ್ಗೆ ಯೋಚಿಸಬೇಕು. ಆದರೆ ನೋಡಿ ನಿರ್ಧರಿಸುವ ಕೆಲಸ ನಮ್ಮದಲ್ಲ. ಸರ್ಕಾರದ "ನಮ್ಮ ಕ್ಲಿನಿಕ್" ಅಥವಾ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಹಿಮೋಗ್ಲೋಬಿನ್ ನೋಡಿಸಿ. ಹೆಂಗಸರಿಗೆ 12, ಗರ್ಭಿಣಿಯರಿಗೆ ಮತ್ತು ಐದು ವರ್ಷದೊಳಗಿನ ಮಕ್ಕಳಿಗೆ 11 ಗ್ರಾಂಗಿಂತ ಕಡಿಮೆ ಇದ್ದರೆ ಅದು ರಕ್ತಹೀನತೆ.

ಆಹಾರ ಬ್ಯಾಂಕಿಗೂ ದಾಸೋಹಕ್ಕೂ ಏನು ವ್ಯತ್ಯಾಸ?

ದಾಸೋಹದಲ್ಲಿ ಅಡುಗೆ ಸಿದ್ಧವಾಗಿರುತ್ತದೆ, ಬಂದವರು ಕೂತು ಉಣ್ಣುತ್ತಾರೆ. 2017ರ ಆಗಸ್ಟ್‌ನಲ್ಲಿ ಬೆಂಗಳೂರಿನಲ್ಲಿ ಶುರುವಾದ ಇಂದಿರಾ ಕ್ಯಾಂಟೀನ್ ಕೂಡ ಹಾಗೆಯೇ, ಐದು ರೂಪಾಯಿಗೆ ತಿಂಡಿ, ಹತ್ತು ರೂಪಾಯಿಗೆ ಊಟ. ಅಲ್ಲಿಯವರೆಗೆ ನಡೆದು ಹೋಗಲಾಗದ ಬಾಣಂತಿ, ಹಾಸಿಗೆ ಹಿಡಿದವರು, ಮಗುವನ್ನು ಬಿಟ್ಟು ಬರಲಾಗದವರು ಹೊರಗುಳಿಯುತ್ತಾರೆ. ಆಹಾರ ಬ್ಯಾಂಕ್ ಕೊಡುವುದು ದಿನಸಿ. ಮನೆಯವರು ತಮ್ಮ ಒಲೆಯಲ್ಲಿ, ತಮ್ಮ ರುಚಿಗೆ, ತಮ್ಮ ಹೊತ್ತಿಗೆ ಬೇಯಿಸಿಕೊಳ್ಳುತ್ತಾರೆ. ಅಮೆರಿಕದ ಅರಿಜೋನಾದ ಫೀನಿಕ್ಸ್ ನಗರದಲ್ಲಿ 1967ರಲ್ಲಿ ಜಾನ್ ವ್ಯಾನ್ ಹೆಂಗೆಲ್ ಆರಂಭಿಸಿದ ಕೇಂದ್ರವನ್ನು ಜಗತ್ತಿನ ಮೊದಲ ಆಹಾರ ಬ್ಯಾಂಕ್ ಎನ್ನುತ್ತಾರೆ: ಹೆಚ್ಚಾದವರು ತಂದಿಡುವುದು, ಕಡಿಮೆಯಾದವರು ಒಯ್ಯುವುದು. ನಮ್ಮ ಬಡಾವಣೆಗಳಲ್ಲಿ ಅದೇ ಕೆಲಸ ಒಂದು ಸಮುದಾಯ ಭವನದ ಕೋಣೆಯಲ್ಲೋ ಗ್ಯಾರೇಜಿನಲ್ಲೋ ನಡೆಯುತ್ತದೆ.

ನೆರವು ಬೇಕಾದರೆ ಏನೇನು ದಾಖಲೆ ತರಬೇಕು?

ಮೊದಲ ಸಲ ಏನೂ ಬೇಡ. ಮನೆಯಲ್ಲಿ ಎಷ್ಟು ಜನ, ಅದರಲ್ಲಿ ಚಿಕ್ಕ ಮಕ್ಕಳು, ಗರ್ಭಿಣಿ, ಬಾಣಂತಿ, ವಯಸ್ಸಾದವರು ಎಷ್ಟು, ಮೊಟ್ಟೆ ತಿನ್ನುತ್ತೀರಾ, ರಾಗಿ ಬೇಕೋ ಜೋಳವೋ, ಗ್ಯಾಸ್ ಇದೆಯೋ ಇಲ್ಲವೋ, ಇಷ್ಟು ಹೇಳಿದರೆ ಸಾಕು. ಒಳ್ಳೆಯ ಆಹಾರ ಬ್ಯಾಂಕ್ ಆಧಾರ್ ಜೆರಾಕ್ಸ್ ಕೇಳಬಾರದು. ಅದನ್ನು ಜೋಪಾನವಾಗಿ ಇಟ್ಟುಕೊಳ್ಳುವ ವ್ಯವಸ್ಥೆ ಬಹುತೇಕರಲ್ಲಿ ಇರುವುದಿಲ್ಲ, ಕೇಳಿದ ಕೂಡಲೇ ಅರ್ಧ ಜನ ವಾಪಸ್ ಹೋಗುತ್ತಾರೆ.

ಕಿಟ್‌ನಲ್ಲಿ ಏನಿರಬೇಕು? ಎಷ್ಟಿರಬೇಕು?

ರೇಷನ್ ಅಂಗಡಿಯಲ್ಲಿ ಸಿಗುವುದನ್ನೇ ಮತ್ತೆ ಕೊಡಬೇಡಿ. ಕಾರ್ಡ್ ಇರುವ ಮನೆಗೆ ಇನ್ನೊಂದು 10 ಕೆಜಿ ಅಕ್ಕಿ ಹೊರಿಸಿದರೆ ಅವರು ಅದನ್ನು ಮಾರಿ ಬೇಳೆ ತರುತ್ತಾರೆ, ಅದೂ ಅರ್ಧ ಬೆಲೆಗೆ ಮಾರಿ. ಅದಕ್ಕಿಂತ ನೇರವಾಗಿ ಬೇಳೆಯನ್ನೇ ಕೊಡುವುದು ಲೇಸು.

ನಾಲ್ಕು ಜನರ ಮನೆಗೆ ಒಂದು ತಿಂಗಳಿಗೆ ಹೀಗೆ ಹೊಂದಿಸಬಹುದು: ತೊಗರಿಬೇಳೆ 2 ಕೆಜಿ, ಹುರುಳಿ, ಹೆಸರು ಅಥವಾ ಅಲಸಂದೆ ಕಾಳು 1 ಕೆಜಿ, ಕಡಲೆಕಾಯಿ ಬೀಜ 1 ಕೆಜಿ, ರಾಗಿ ಹಿಟ್ಟು ಅಥವಾ ಜೋಳದ ಹಿಟ್ಟು 3 ಕೆಜಿ, ಅಡುಗೆ ಎಣ್ಣೆ ಒಂದು ಲೀಟರಿನ ಎರಡು ಪ್ಯಾಕೆಟ್, ಅಯೋಡಿನ್ ಉಪ್ಪು 1 ಕೆಜಿ, ಬೆಲ್ಲ 1 ಕೆಜಿ, ಹುಣಸೆಹಣ್ಣು ಕಾಲು ಕೆಜಿ, ಸಾರಿನ ಪುಡಿ 200 ಗ್ರಾಂ, ಅರಿಸಿನ 100 ಗ್ರಾಂ, ಮೊಟ್ಟೆ 30. ಎರಡು ಲೀಟರ್ ಎಣ್ಣೆ ಎಂದರೆ ಒಬ್ಬರಿಗೆ ದಿನಕ್ಕೆ ಸುಮಾರು ಮೂರು ಚಮಚ.

ಬೇಳೆ, ಕಾಳು, ಕಡಲೆಬೀಜ, ಮೊಟ್ಟೆ ಈ ನಾಲ್ಕರಿಂದಲೇ ಒಬ್ಬೊಬ್ಬರಿಗೆ ದಿನಕ್ಕೆ ಸುಮಾರು 9 ಗ್ರಾಂ ಪ್ರೋಟೀನ್ ಸೇರುತ್ತದೆ. 46 ಗ್ರಾಂ ಮುಟ್ಟಲು ಇನ್ನೂ ಸಾಲದು. ಆದ್ದರಿಂದ ಕೊಡುವವರ ಕೈಯಲ್ಲಿ ಹಣ ಹೆಚ್ಚಿದ್ದರೆ ಹೊಸ ಐಟಂ ಸೇರಿಸುವ ಬದಲು ಕಾಳನ್ನು 2 ಕೆಜಿಗೆ ಏರಿಸಿ. ಬಿಸ್ಕತ್ತು, ನೂಡಲ್ಸ್, ಸಕ್ಕರೆ ಹಾಕಿ ಚೀಲ ದೊಡ್ಡದು ಮಾಡುವುದು ಕೊಡುವವರ ಸಮಾಧಾನಕ್ಕಷ್ಟೆ.

ಕಿಟ್ ವ್ಯರ್ಥವಾಗುವುದು ಎಲ್ಲಿ ಎಂದರೆ ಒಲೆಯ ಹತ್ತಿರ. ಹುರುಳಿಯ ಪೌಷ್ಟಿಕತೆಯನ್ನು ಎಷ್ಟು ಹೊಗಳಿದರೂ ಕುಕ್ಕರ್ ಇಲ್ಲದ ಮನೆಯಲ್ಲಿ ಅದು ಬೇಯಲು ಗಂಟೆಗಟ್ಟಲೆ ಬೇಕು, ಅಷ್ಟು ಗ್ಯಾಸ್ ಯಾರೂ ಉರಿಸುವುದಿಲ್ಲ. ಚೀಲ ಮೂಲೆ ಸೇರುತ್ತದೆ. ಗ್ಯಾಸ್ ಇಲ್ಲದವರಿಗೆ, ಶೆಡ್ಡಿನಲ್ಲಿ ಸೌದೆ ಒಲೆ ಹೂಡಿಕೊಂಡವರಿಗೆ ಹೆಸರುಬೇಳೆ, ಅವಲಕ್ಕಿ, ಹುರಿಗಡಲೆ, ಕಡಲೆಬೀಜ ಕೊಡಿ. ಕಲಬುರಗಿಯ ಮನೆಗೆ ರಾಗಿ ಹಿಟ್ಟು ಕೊಟ್ಟು ಮುದ್ದೆ ತಿನ್ನಿ ಅಂದರೆ ಆಗದು. ಅವರಿಗೆ ಜೋಳ ಬೇಕು. ಫ್ರಿಜ್ ಇಲ್ಲದ ಮನೆಗೆ ಮೊಟ್ಟೆಯನ್ನು ಹದಿನೈದರಂತೆ ಎರಡು ಸಲ ಕೊಡಿ, ಬೇಸಿಗೆಯಲ್ಲಿ ಇದು ಕಡ್ಡಾಯ ಎಂದೇ ತಿಳಿಯಿರಿ. ಮೊಟ್ಟೆ ತಿನ್ನದ ಮನೆಗೆ ಅದರ ಬದಲು ಅರ್ಧ ಕೆಜಿ ಕಡಲೆಬೀಜ, ಅರ್ಧ ಕೆಜಿ ಹೆಸರುಕಾಳು. ಬಿ12 ಮಾತ್ರ ಕಾಳಿನಲ್ಲಿ ಇಲ್ಲ, ಅಂಥವರಿಗೆ ಹಾಲು ಮೊಸರು ಬೇಕೇ ಬೇಕು.

ರೇಷನ್ ಅಕ್ಕಿಯಲ್ಲಿ ಪ್ಲಾಸ್ಟಿಕ್ ಕಾಳು ಇರುತ್ತದಂತೆ, ನಿಜವೇ?

ಅಲ್ಲ. ಅದು ಸಾರವರ್ಧಿತ ಅಕ್ಕಿ. ಅಕ್ಕಿ ಹಿಟ್ಟಿಗೆ ಕಬ್ಬಿಣ, ಫೋಲಿಕ್ ಆಮ್ಲ, ಬಿ12 ಬೆರೆಸಿ ಯಂತ್ರದಲ್ಲಿ ಮತ್ತೆ ಅಕ್ಕಿಯ ಆಕಾರಕ್ಕೆ ಒತ್ತಿದ ಕಾಳು ಅದು. ಸಾಮಾನ್ಯ ಅಕ್ಕಿಯ ನೂರು ಕಾಳಿಗೆ ಇಂಥದ್ದು ಒಂದರಂತೆ ಬೆರೆಸುತ್ತಾರೆ. ಬಣ್ಣ ತುಸು ಬೇರೆ, ತೊಳೆಯುವಾಗ ಕೆಲವು ತೇಲುತ್ತವೆ, ಆದ್ದರಿಂದ ಜನ ಅನುಮಾನಪಟ್ಟು ಆರಿಸಿ ಎಸೆಯುತ್ತಾರೆ. ಎಸೆಯುವುದು ಆ ಅಕ್ಕಿಯಲ್ಲಿ ಹೆಚ್ಚಾಗಿ ಸೇರಿಸಿದ ಸತ್ವವನ್ನೇ. ಒಂದು ಕೆಜಿ ಸಾರವರ್ಧಿತ ಅಕ್ಕಿಯಲ್ಲಿ 28ರಿಂದ 42.5 ಮಿಲಿಗ್ರಾಂ ಕಬ್ಬಿಣ ಇರಬೇಕೆಂದು ದೇಶದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ ನಿಯಮ. ಅಂದರೆ 300 ಗ್ರಾಂ ಉಣ್ಣುವವರಿಗೆ ದಿನಕ್ಕೆ 8ರಿಂದ 13 ಮಿಲಿಗ್ರಾಂ. ಮೈ ಹೀರುವುದು ಅದರಲ್ಲಿ ಸಣ್ಣ ಪಾಲು, ಆದರೂ ಬಿಡಬೇಡಿ. ಎರಡು ನೀರಿನಲ್ಲಿ ತೊಳೆದು, ಗಂಜಿ ಬಸಿದು ಚೆಲ್ಲದೆ, ನೀರು ಇಂಗುವಂತೆ ಅನ್ನ ಮಾಡಿ. ಥಲಸ್ಸೀಮಿಯಾ, ಕುಡಗೋಲು ಕಣ (ಸಿಕಲ್ ಸೆಲ್) ರೋಗದಂಥ ರಕ್ತದ ಕಾಯಿಲೆ ಇರುವವರು ವೈದ್ಯರನ್ನು ಕೇಳಿ ಬಳಸಲಿ.

ಇರುವ ಸಾಮಾನಿನಲ್ಲೇ ಹೆಚ್ಚು ಸತ್ವ ಸಿಗುವಂತೆ ಅಡುಗೆ ಮಾಡುವುದು ಹೇಗೆ?

ಹೇಳಿಕೊಡುವ ಅಗತ್ಯ ಬಹಳ ಮನೆಗಳಿಗೆ ಇಲ್ಲ, ಸಾಮಾನು ಇಲ್ಲದ್ದೇ ತೊಂದರೆ. ಆದರೂ ಮೂರು ವಿಷಯ ಹೇಳಬಹುದು. ಊಟದ ಜೊತೆಗೆ, ಊಟವಾದ ಕೂಡಲೇ ಕಾಫಿ ಟೀ ಬೇಡ. ಅದರ ಟ್ಯಾನಿನ್ ಕಬ್ಬಿಣವನ್ನು ಮೈಗೆ ಸೇರಲು ಬಿಡುವುದಿಲ್ಲ, ಒಂದು ಗಂಟೆ ಅಂತರ ಇರಲಿ. ಸಾರು ಪಲ್ಯ ಒಲೆಯಿಂದ ಇಳಿಸಿದ ಮೇಲೆ ನಿಂಬೆಹಣ್ಣು ಹಿಂಡಿದರೆ ಅದರ ಸಿ ಜೀವಸತ್ವದಿಂದ ಸೊಪ್ಪು ಕಾಳಿನ ಕಬ್ಬಿಣ ಚೆನ್ನಾಗಿ ಹಿಡಿಯುತ್ತದೆ. ಕಾಳನ್ನು ರಾತ್ರಿ ನೆನೆಹಾಕಿ ಮೊಳಕೆ ಕಟ್ಟಿದರೆ ಬೇಗ ಬೇಯುತ್ತದೆ, ಕಬ್ಬಿಣ ಸತುವಿಗೆ ಅಡ್ಡ ಬರುವ ಫೈಟೇಟ್ ಕೂಡ ತಗ್ಗುತ್ತದೆ. ಇವೆಲ್ಲ ಒಟ್ಟಿಗೆ ಕೂಡಿಬರುವ ಅಡುಗೆ ಬಸ್ಸಾರು: ಕಾಳು ಸೊಪ್ಪು ಬೇಯಿಸಿದ ಕಟ್ಟು ಸಾರಾಗುತ್ತದೆ, ಬಸಿದದ್ದು ಪಲ್ಯವಾಗುತ್ತದೆ, ಏನೂ ಚೆಲ್ಲುವುದಿಲ್ಲ. ನುಗ್ಗೆಸೊಪ್ಪಿನ ಮರ ಬಡಾವಣೆಯಲ್ಲಿದ್ದರೆ ಅದರ ಯಜಮಾನರನ್ನು ಕೇಳಿ. ನೂರು ಗ್ರಾಂ ಎಲೆಯಲ್ಲಿ 300 ಮಿಲಿಗ್ರಾಂಗಿಂತ ಹೆಚ್ಚು ಕ್ಯಾಲ್ಸಿಯಂ ಇರುತ್ತದೆ, ಬಹಳ ಕಡೆ ಅದು ಸುಮ್ಮನೆ ಉದುರಿ ಹೋಗುತ್ತದೆ.

ಹಣ ಕೊಡುವುದು ಒಳ್ಳೆಯದೋ, ಸಾಮಾನು ಕೊಡುವುದೋ?

ಹಣ. ಯಶವಂತಪುರದ ಎಪಿಎಂಸಿಯಲ್ಲಿ ಮೂಟೆ ಲೆಕ್ಕದಲ್ಲಿ ಕೊಂಡರೆ ಚಿಲ್ಲರೆ ಅಂಗಡಿಗಿಂತ ಅಗ್ಗ, ಒಂದೇ ಗುಣಮಟ್ಟದ ಬೇಳೆ ಎಲ್ಲರಿಗೂ ಹೋಗುತ್ತದೆ. ಆದರೆ ಅಪಾರ್ಟ್‌ಮೆಂಟಿನ ಜನಕ್ಕೆ ಕೈಯಾರೆ ತಂದು ಕೊಟ್ಟರೇ ತೃಪ್ತಿ, ಅದನ್ನೂ ತಳ್ಳಿಹಾಕಬಾರದು. ಹಾಗೆ ಸಂಗ್ರಹಿಸುವಾಗ "ಏನಾದರೂ ಕೊಡಿ" ಎಂದರೆ ಬರುವುದು ಅರ್ಧ ಬಳಸಿದ ರವೆ, ಅವಧಿ ಮುಗಿಯಲಿರುವ ಕಾರ್ನ್‌ಫ್ಲೇಕ್ಸ್. ಎ ಬ್ಲಾಕಿನವರು ತೊಗರಿಬೇಳೆ, ಬಿ ಬ್ಲಾಕಿನವರು ಎಣ್ಣೆ ಎಂದು ಹಂಚಿಕೊಡಿ. ಸೀಲ್ ಒಡೆಯದ ಪ್ಯಾಕೆಟ್, ಅವಧಿ ಮುಗಿಯಲು ಕನಿಷ್ಠ ಎರಡು ತಿಂಗಳು ಬಾಕಿ, ಈ ಎರಡು ಷರತ್ತು ಪೋಸ್ಟರಿನಲ್ಲೇ ಬರೆಯಿರಿ. ಬಿಡಿ ಎಣ್ಣೆ ಯಾವ ಕಾರಣಕ್ಕೂ ತೆಗೆದುಕೊಳ್ಳಬೇಡಿ.

ಸಾಮಾನು ಹುಳ ಹಿಡಿಯದಂತೆ ಇಡುವುದು ಹೇಗೆ?

ಮೂಟೆಗಳನ್ನು ನೆಲದ ಮೇಲೆ ಇಡಬೇಡಿ. ಮರದ ಹಲಗೆ ಹಾಕಿ ಅರ್ಧ ಅಡಿ ಎತ್ತರಿಸಿ, ಗೋಡೆಯಿಂದ ಒಂದು ಅಡಿ ದೂರ ಇಡಿ. ಗೋಡೆಗೆ ಒತ್ತಿದರೆ ಮಳೆಗಾಲದಲ್ಲಿ ತೇವ ಎಳೆದುಕೊಳ್ಳುತ್ತದೆ, ಇಲಿ ಓಡಾಡಿದ್ದೂ ಗೊತ್ತಾಗುವುದಿಲ್ಲ. ಪ್ರತಿ ಮೂಟೆಗೂ ಬಂದ ತಾರೀಕು ಬರೆದ ಚೀಟಿ ಅಂಟಿಸಿ. ಯಾವುದರ ಅವಧಿ ಮೊದಲು ಮುಗಿಯುತ್ತದೋ ಅದು ಮೊದಲು ಹೊರಡಬೇಕು. ಹೊಸದನ್ನು ಹಳೆಯದರ ಮುಂದೆ ಪೇರಿಸುವುದೇ ಸಾಮಾನು ಕೊಳೆಯಲು ದೊಡ್ಡ ಕಾರಣ. ಇಡೀ ರಾಗಿ ವರ್ಷಗಟ್ಟಲೆ ಕೆಡುವುದಿಲ್ಲ, ಹಿಟ್ಟಿಗೆ ಆ ಬಾಳಿಕೆ ಇಲ್ಲ. ಆದ್ದರಿಂದ ರಾಗಿಯನ್ನು ಕಾಳಾಗಿ ಕೊಂಡಿಟ್ಟು ಹಂಚುವ ವಾರದಲ್ಲಿ ಮಿಲ್ ಮಾಡಿಸಿ.

ನುಸಿ ಬಿದ್ದ ಬೇಳೆಯನ್ನು ಬಿಸಿಲಿಗೆ ಹರವಿ, ಜರಡಿ ಹಿಡಿದು ಉಳಿಸಬಹುದು. ಬೂಸ್ಟು ಹಿಡಿದ ಕಡಲೆಬೀಜವನ್ನು ಉಳಿಸಲಾಗದು. ಅದರಲ್ಲಿರಬಹುದಾದ ಅಫ್ಲಾಟಾಕ್ಸಿನ್ ಹುರಿದರೂ ಬೇಯಿಸಿದರೂ ಪೂರ್ತಿ ಹೋಗುವುದಿಲ್ಲ, ಈಲಿಗೆ (ಯಕೃತ್ತಿಗೆ) ವಿಷ. ದನಕ್ಕೂ ಹಾಕದೆ ಮಣ್ಣಿಗೆ ಹೂಳಿ.

ಮದುವೆ ಛತ್ರದಲ್ಲಿ ಉಳಿದ ಅಡುಗೆ ಇದೆ, ತಂದು ಕೊಡಬಹುದೇ?

ಬಡಿಸದೆ ಪಾತ್ರೆಯಲ್ಲೇ ಉಳಿದಿದ್ದರೆ, ಹೊತ್ತು ಮೀರಿರದಿದ್ದರೆ ಕೊಡಬಹುದು. ಎಲೆಯಿಂದ, ತಟ್ಟೆಯಿಂದ ಎತ್ತಿದ್ದು ಬೇಡ. ಬಿಸಿ ಅಡುಗೆ 60 ಡಿಗ್ರಿಗಿಂತ ಮೇಲಿರಬೇಕು, ತಣ್ಣಗಿನದು 5 ಡಿಗ್ರಿಗಿಂತ ಕೆಳಗೆ. ಇವೆರಡರ ನಡುವೆ ಎರಡು ಗಂಟೆ ಕಳೆದಿದ್ದರೆ ಕೂಡಲೇ ಉಂಡುಬಿಡಬೇಕು, ನಾಲ್ಕು ಗಂಟೆ ಕಳೆದಿದ್ದರೆ ಚೆಲ್ಲಬೇಕು. ಕೆಲವು ನೂರು ರೂಪಾಯಿಯ ಅಡುಗೆ ಥರ್ಮಾಮೀಟರ್ ಒಂದಿದ್ದರೆ ವಾದವೇ ಇರುವುದಿಲ್ಲ.

"ವಾಸನೆ ಬಂದಿಲ್ಲ, ಚೆನ್ನಾಗಿದೆ" ಎಂಬ ಮಾತನ್ನು ನಂಬಬೇಡಿ. ಅನ್ನದಲ್ಲಿ ಬೆಳೆಯುವ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಣ ಬೇಯಿಸಿದರೂ ಸಾಯುವುದಿಲ್ಲ. ಅನ್ನ ಉಗುರುಬೆಚ್ಚಗೆ ಕೂತಷ್ಟು ಹೊತ್ತು ಅದು ವಾಂತಿ ತರಿಸುವ ವಿಷ ಉಂಟುಮಾಡುತ್ತದೆ, ಆ ವಿಷ ಮತ್ತೆ ಬಿಸಿ ಮಾಡಿದರೂ ಹೋಗದು. ವಾಸನೆಯಲ್ಲಿ ಏನೂ ತಿಳಿಯುವುದಿಲ್ಲ. ಕಾಯಿತುರಿ ಹಾಕಿದ ಕೋಸಂಬರಿ, ಮಜ್ಜಿಗೆಹುಳಿ, ಹಾಲಿನ ಪಾಯಸ ಎಲ್ಲಕ್ಕಿಂತ ಮೊದಲು ಕೆಡುತ್ತವೆ, ಅವನ್ನು ಬಿಟ್ಟುಬಿಡಿ. ಲಾಡು, ಚಿರೋಟಿಯಂಥವು ತೊಂದರೆ ಕೊಡುವುದಿಲ್ಲ.

ಪಂಕ್ತಿ ಮುಗಿದ ಮೇಲೆ ಬರುವ ಫೋನ್ ಕರೆಯಿಂದ ಪ್ರಯೋಜನ ಕಡಿಮೆ. ಹಿಂದಿನ ದಿನವೇ ಅಡುಗೆ ಭಟ್ಟರ ಹತ್ತಿರ ಮಾತಾಡಿ, ಕೊನೆಯ ಪಂಕ್ತಿ ಕೂರುವ ಹೊತ್ತಿಗೆ ಪಾತ್ರೆಗಳೊಂದಿಗೆ ಅಲ್ಲಿರಿ. ಉಣ್ಣುವವರು ಎಲ್ಲಿ, ಎಷ್ಟು ಜನ ಎಂದು ಮೊದಲೇ ಗೊತ್ತಿಲ್ಲದಿದ್ದರೆ ಅಡುಗೆ ಎತ್ತಲೇಬೇಡಿ.

ಇದಕ್ಕೆ ಲೈಸೆನ್ಸ್ ಬೇಕೇ?

ಉಳಿದ ಆಹಾರ ಸಂಗ್ರಹಿಸಿ ಹಂಚುವುದಕ್ಕೆ ಎಫ್‌ಎಸ್‌ಎಸ್‌ಎಐ 2019ರಲ್ಲಿ ಪ್ರತ್ಯೇಕ ನಿಯಮಾವಳಿ ಹೊರಡಿಸಿತು, 2020ರ ಜುಲೈ 1ರಿಂದ ಅದು ಜಾರಿಯಲ್ಲಿದೆ. ಹಂಚುವ ಸಂಘಟನೆ ನೋಂದಾಯಿಸಿಕೊಂಡಿರಬೇಕು, ಯಾರಿಂದ ಏನು ಬಂತು, ಯಾರಿಗೆ ಹೋಯಿತು ಎಂಬ ದಾಖಲೆ ಇಡಬೇಕು, ಆಹಾರ ಮಾರಾಟಕ್ಕಲ್ಲ ಎಂದು ನಮೂದಿಸಬೇಕು. ದಿನಸಿಯನ್ನು ಸಣ್ಣ ಪೊಟ್ಟಣಗಳಾಗಿ ಕಟ್ಟುವವರೂ ನೋಂದಣಿ ಮಾಡಿಸಿಕೊಳ್ಳುವುದು ಒಳ್ಳೆಯದು. ದೂರು ಬಂದಾಗ ಯಾವ ಮೂಟೆ, ಯಾವ ತಾರೀಕು ಎಂದು ತೋರಿಸಲು ಅದೇ ದಾಖಲೆ ಬೇಕಾಗುತ್ತದೆ.

ಯಾವ ದಿನ, ಯಾವ ಹೊತ್ತಿಗೆ ಹಂಚಬೇಕು?

ತಿಂಗಳ ಸಂಬಳದವರಿಗೆ 18ರಿಂದ 22ನೇ ತಾರೀಕಿನೊಳಗೆ. ಒಂದನೇ ತಾರೀಕು ಕೊಟ್ಟರೆ ಮನೆಯಲ್ಲಿ ಹೇಗೂ ಸಾಮಾನಿರುತ್ತದೆ. ವಾರದ ಬಟವಾಡೆಯ ಕಟ್ಟಡ ಕೆಲಸದವರಿಗೆ ಮಳೆ ಹಿಡಿದು ಕೆಲಸ ನಿಂತ ವಾರದಲ್ಲಿ ಬೇಕು, ಅದು ಕ್ಯಾಲೆಂಡರ್ ನೋಡಿ ಬರುವುದಿಲ್ಲ, ಅವರಿಗಾಗಿ ಹತ್ತು ಕಿಟ್ ಸದಾ ಕಟ್ಟಿಟ್ಟಿರಬೇಕು. ಹೊತ್ತು ಸಂಜೆ ಏಳರ ಮೇಲೆ, ಇಲ್ಲವೇ ಭಾನುವಾರ. ಬೆಳಿಗ್ಗೆ ಹತ್ತಕ್ಕೆ ಬರಬೇಕೆಂದರೆ ದಿನಗೂಲಿಯವರು ಒಂದು ದಿನದ ಕೂಲಿ ಬಿಟ್ಟು ಬರಬೇಕಾಗುತ್ತದೆ.

ಸಾಲು ನಿಲ್ಲಿಸಬೇಡಿ. ಹದಿನೈದು ನಿಮಿಷಕ್ಕೆ ನಾಲ್ಕೈದು ಮನೆಯಂತೆ ಸಮಯ ಹೇಳಿ. ಚೀಲದ ಮೇಲೆ ಸಂಘದ ಹೆಸರು, ದಾನಿಯ ಹೆಸರು, ಯಾರ ಭಾವಚಿತ್ರವೂ ಬೇಡ, ಅಂಗಡಿಯಿಂದ ತಂದ ಚೀಲದಂತೆಯೇ ಇರಲಿ. ಫೋಟೋ ಖಂಡಿತ ಬೇಡ. ದಾನಿಗಳಿಗೆ ಲೆಕ್ಕ ತೋರಿಸಬೇಕಾದರೆ ಮೂಟೆಗಳ, ಬಿಲ್ಲುಗಳ ಫೋಟೋ ಕಳಿಸಿ. ತನ್ನ ಕೈಯಲ್ಲಿ ಕಿಟ್ ಹಿಡಿದ ಚಿತ್ರ ಮಗಳ ಸ್ಕೂಲಿನ ವಾಟ್ಸಾಪ್ ಗುಂಪಿಗೆ ಹೋಗಬಹುದು ಎಂಬ ಭಯಕ್ಕೆ ಎಷ್ಟೋ ತಾಯಂದಿರು ಬರುವುದನ್ನೇ ನಿಲ್ಲಿಸುತ್ತಾರೆ.

ಅನುಕೂಲ ಇದ್ದವರೂ ಬಂದು ತೆಗೆದುಕೊಂಡು ಹೋದರೆ?

ಒಬ್ಬಿಬ್ಬರು ಹೋಗಬಹುದು. ಅವರನ್ನು ತಡೆಯಲು ಹತ್ತು ಮನೆಯವರನ್ನು ವಿಚಾರಣೆಗೆ ನಿಲ್ಲಿಸುವುದು ಸರಿಯಲ್ಲ ಎಂಬುದು ನಮ್ಮ ಅಭಿಪ್ರಾಯ. ಎರಡು ಕೆಜಿ ಬೇಳೆಗೆ ಸುಳ್ಳು ಹೇಳುವವರು ಬಹಳ ಜನ ಇಲ್ಲ.

ರೇಷನ್ ಕಾರ್ಡ್ ಇದೆ, ಆದರೆ ಧಾನ್ಯ ಸಿಗುತ್ತಿಲ್ಲ. ಏನು ಮಾಡಬೇಕು?

ಆಹಾರ ಬ್ಯಾಂಕ್ ಮಾಡಬಹುದಾದ ಅತಿ ದೊಡ್ಡ ಉಪಕಾರ ಇದೇ, ಏಕೆಂದರೆ ಒಂದು ಕಾರ್ಡ್ ಸರಿಹೋದರೆ ಆ ಮನೆಗೆ ಪ್ರತಿ ತಿಂಗಳೂ ಧಾನ್ಯ ಬರುತ್ತದೆ. ಸಾಮಾನ್ಯ ಕಾರಣಗಳು ಕೆಲವೇ. ಒಂದು, ಇ-ಕೆವೈಸಿ ಆಗದೆ ಹೆಸರು ತಡೆಹಿಡಿದಿರುವುದು: ನ್ಯಾಯಬೆಲೆ ಅಂಗಡಿಯಲ್ಲೇ ಪ್ರತಿ ಸದಸ್ಯರೂ ಬೆರಳಚ್ಚು ಕೊಟ್ಟು ಮುಗಿಸಬೇಕು. ಎರಡು, ಸಿಮೆಂಟು ಕೆಲಸ, ಪಾತ್ರೆ ತೊಳೆಯುವ ಕೆಲಸದಲ್ಲಿ ಬೆರಳ ಗೆರೆ ಸವೆದು ಯಂತ್ರ ಹಿಡಿಯದಿರುವುದು: ಕೈ ತೊಳೆದು, ಒರೆಸಿ, ಬೇರೆ ಬೇರೆ ಬೆರಳು ಪ್ರಯತ್ನಿಸಲಿ, ಆಗದಿದ್ದರೆ ಆಧಾರ್ ಕೇಂದ್ರದಲ್ಲಿ ಬೆರಳಚ್ಚು ಹೊಸದಾಗಿ ಕೊಡಿಸಿ. ಮೂರು, ಕಾರ್ಡ್ ಊರಿನದು, ಇಲ್ಲಿ ನಡೆಯದು ಎಂಬ ತಪ್ಪು ತಿಳಿವಳಿಕೆ: ಯಾದಗಿರಿಯ ಕಾರ್ಡಿಗೆ ಬೆಂಗಳೂರಿನ ನ್ಯಾಯಬೆಲೆ ಅಂಗಡಿಯಲ್ಲೂ ಧಾನ್ಯ ಸಿಗಬೇಕು. ಬೇರೆ ರಾಜ್ಯದ ಕಾರ್ಡಿನವರಿಗೂ ಒಂದು ದೇಶ ಒಂದು ರೇಷನ್ ಕಾರ್ಡ್ ವ್ಯವಸ್ಥೆಯಲ್ಲಿ ಕೇಂದ್ರದ ಪಾಲು ಇಲ್ಲೇ ಸಿಗುತ್ತದೆ. ನಾಲ್ಕು, ಹುಟ್ಟಿದ ಮಗುವಿನ, ಮದುವೆಯಾಗಿ ಬಂದ ಸೊಸೆಯ ಹೆಸರು ಸೇರಿಸದಿರುವುದು. ಸೇರ್ಪಡೆಗೆ ಇಲಾಖೆ ಅವಕಾಶ ತೆರೆಯುವುದು ಆಗಾಗ, ಕೆಲವು ದಿನ ಮಾತ್ರ. ಕಾಗದಗಳನ್ನು ಮೊದಲೇ ಸಿದ್ಧ ಮಾಡಿಟ್ಟುಕೊಂಡು, ತೆರೆದ ದಿನವೇ ಬೆಂಗಳೂರು ಒನ್ ಕೇಂದ್ರಕ್ಕೆ ಜೊತೆಗೆ ಹೋಗಿ. ಅಂಗಡಿಯವರು ಕೊಡಲು ಒಪ್ಪದಿದ್ದರೆ ಸಹಾಯವಾಣಿ 1967.

ಮನೆಯಲ್ಲಿ ಗರ್ಭಿಣಿ ಅಥವಾ ಚಿಕ್ಕ ಮಗು ಇದ್ದರೆ?

ಕಿಟ್ ಕೊಟ್ಟು ಸುಮ್ಮನಾಗಬೇಡಿ. 2017ರ ಅಕ್ಟೋಬರ್‌ನಲ್ಲಿ ಬಂದ ಮಾತೃಪೂರ್ಣ ಯೋಜನೆಯಡಿ ಗರ್ಭಿಣಿ, ಬಾಣಂತಿಯರಿಗೆ ಅಂಗನವಾಡಿಯಲ್ಲಿ ಊಟ ಇದೆ. ವಲಸೆ ಬಂದವರು "ನಮ್ಮ ಹೆಸರು ಊರಿನಲ್ಲಿದೆ" ಎಂದು ಇಲ್ಲಿ ಕೇಳುವುದೇ ಇಲ್ಲ, ತಾಯಿ ಕಾರ್ಡ್ ಹಿಡಿಸಿಕೊಂಡು ಜೊತೆಯಲ್ಲಿ ಹೋಗಿ ಹೆಸರು ಬರೆಸಿ. ನಾಲ್ಕನೇ ತಿಂಗಳಿಂದ ದಿನಕ್ಕೊಂದರಂತೆ ಕನಿಷ್ಠ 180 ದಿನ ಕಬ್ಬಿಣದ ಮಾತ್ರೆ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ. ಮಲ ಕಪ್ಪಾಗುತ್ತದೆ, ಹೊಟ್ಟೆ ತೊಳೆಸುತ್ತದೆ ಎಂದು ಬಹಳ ಹೆಣ್ಣುಮಕ್ಕಳು ಅರ್ಧಕ್ಕೇ ಬಿಡುತ್ತಾರೆ. ಕಪ್ಪಾಗುವುದು ಸಹಜ, ಹೊಟ್ಟೆ ತೊಳೆಸಿದರೆ ರಾತ್ರಿ ಊಟದ ನಂತರ ಮಲಗುವ ಮುಂಚೆ ತೆಗೆದುಕೊಳ್ಳಲಿ. ಮಗುವಿನ ತೋಳಿನ ಸುತ್ತಳತೆ ಅಂಗನವಾಡಿಯ ಪಟ್ಟಿಯಲ್ಲಿ 11.5 ಸೆಂಟಿಮೀಟರಿಗಿಂತ ಕಡಿಮೆ ಬಂದರೆ ಅದು ತೀವ್ರ ಅಪೌಷ್ಟಿಕತೆ, ಅವತ್ತೇ ಆಸ್ಪತ್ರೆಗೆ ಕರೆದೊಯ್ಯಬೇಕು. ಜಂತುಹುಳು ಇದ್ದರೆ ತಿಂದದ್ದು ಹಿಡಿಯುವುದಿಲ್ಲ, ಫೆಬ್ರುವರಿ 10 ಮತ್ತು ಆಗಸ್ಟ್ 10ರ ಹೊತ್ತಿಗೆ ಶಾಲೆ, ಅಂಗನವಾಡಿಯಲ್ಲಿ ಕೊಡುವ ಮಾತ್ರೆಯನ್ನು ತಪ್ಪಿಸಬಾರದು.

ನಮ್ಮ ಬಡಾವಣೆಯಲ್ಲೇ ಶುರುಮಾಡಬೇಕು. ಎಲ್ಲಿಂದ ಆರಂಭಿಸುವುದು?

ಇಪ್ಪತ್ತೈದು ಮನೆಯಿಂದ. ಮೇಲೆ ಹೇಳಿದ ಕಿಟ್ ಲೆಕ್ಕದಲ್ಲಿ ತಿಂಗಳಿಗೆ 50 ಕೆಜಿ ತೊಗರಿಬೇಳೆ, 25 ಕೆಜಿ ಕಾಳು, 25 ಕೆಜಿ ಕಡಲೆಬೀಜ, 75 ಕೆಜಿ ರಾಗಿ ಅಥವಾ ಜೋಳ, 50 ಲೀಟರ್ ಎಣ್ಣೆ, 25 ಟ್ರೇ ಮೊಟ್ಟೆ. ಹತ್ತು ಅಡಿ ಉದ್ದಗಲದ ಒಣ ಕೋಣೆ, ಒಂದು ಡಿಜಿಟಲ್ ತಕ್ಕಡಿ, ಪೊಟ್ಟಣ ಅಂಟಿಸುವ ಕೈಯಂತ್ರ, ಎರಡು ರಿಜಿಸ್ಟರ್, ಹಂಚುವ ಹಿಂದಿನ ದಿನ ಪೊಟ್ಟಣ ಕಟ್ಟಲು ಆರು ಜನ. ಬಂದ ಸಾಮಾನಿನ ಪುಸ್ತಕ, ಹೋದ ಸಾಮಾನಿನ ಪುಸ್ತಕ ಬೇರೆ ಬೇರೆ ಜನ ಬರೆಯಲಿ. ಒಬ್ಬರೇ ಬರೆದರೆ ತಪ್ಪು ಸಿಕ್ಕುವುದಿಲ್ಲ.

ಆರು ತಿಂಗಳ ಹಣ ಅಥವಾ ಆರು ತಿಂಗಳು ಕೊಡುವ ಒಪ್ಪಿಗೆ ಕೈಯಲ್ಲಿದ್ದ ಮೇಲೆ ಮೊದಲ ಕಿಟ್ ಕೊಡಿ. ದಸರಾ ತಿಂಗಳಲ್ಲಿ ಕೊಟ್ಟು ಮುಂದಿನ ತಿಂಗಳು ಇಲ್ಲ ಎಂದರೆ, ನಿಮ್ಮನ್ನು ನಂಬಿ ಅಂಗಡಿಯ ಸಾಲ ತೀರಿಸಿಬಿಟ್ಟ ಮನೆಯವರು ಮೊದಲಿಗಿಂತ ಕಷ್ಟಕ್ಕೆ ಬೀಳುತ್ತಾರೆ. ಹತ್ತಿರದ ಮಸೀದಿ, ಚರ್ಚು, ಮಠ, ಯುವಕ ಸಂಘಗಳು ಈಗಾಗಲೇ ಕೊಡುತ್ತಿದ್ದರೆ ಅವರೊಂದಿಗೆ ಕೂತು ಬೀದಿಗಳನ್ನು ಹಂಚಿಕೊಳ್ಳಿ. ಹೆಸರುಗಳ ಪಟ್ಟಿ ವಿನಿಮಯ ಮಾಡಬೇಡಿ, ಬೀದಿಯ ಹೆಸರು ಸಾಕು.

ಮೂರನೇ ತಿಂಗಳು ಖಾಲಿ ಚೀಲ ವಾಪಸ್ ತರುವವರನ್ನು ಏನು ಉಳಿಯಿತು ಎಂದು ಕೇಳಿ. ಪ್ರತಿ ಮನೆಯಲ್ಲೂ ಉಳಿಯುವ ಸಾಮಾನು ಒಂದೇ ಆಗಿದ್ದರೆ ಮುಂದಿನ ತಿಂಗಳಿಂದ ಅದನ್ನು ಬಿಟ್ಟು, ಮೊದಲು ಮುಗಿಯುವುದನ್ನು ಹೆಚ್ಚಿಸಿ. ಬಹುತೇಕ ಕಡೆ ಮೊದಲು ಮುಗಿಯುವುದು ಎಣ್ಣೆ, ಆಮೇಲೆ ಮೊಟ್ಟೆ.